ಆವರ್ತ ದಶಮಾಂಶ: ಸೂತ್ರಕ್ಕಿಂತ ಮೊದಲು ಶೇಷವನ್ನು ತೋರಿಸಿ

ಒಂದು ಎಕರೆಗೆ 40 ಗುಂಟೆ. ಮೂವರು ಒಡಹುಟ್ಟಿದವರು ಅದನ್ನು ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು? ಮೊಬೈಲಿನ ಕ್ಯಾಲ್ಕುಲೇಟರ್ 13.333333 ಎಂದು ತೋರಿಸುತ್ತದೆ. ಕಾಗದದ ಮೇಲೆ ನಾವು 13.33 ಎಂದು ಬರೆದುಕೊಳ್ಳುತ್ತೇವೆ. ಮೂರು ಪಾಲನ್ನೂ ಮತ್ತೆ ಕೂಡಿದರೆ ಸಿಗುವುದು 39.99 ಗುಂಟೆ. ಒಂದು ಗುಂಟೆ ಎಂದರೆ 1,089 ಚದರ ಅಡಿ. ಹಾಗಾಗಿ ಲೆಕ್ಕದಿಂದ ಜಾರಿಹೋದ 0.01 ಗುಂಟೆ 10.89 ಚದರ ಅಡಿಯಾಯಿತು. ಅದೇ ಪಾಲನ್ನು ಹದಿಮೂರು ಗುಂಟೆ ಮತ್ತು ಗುಂಟೆಯ ಮೂರನೇ ಒಂದು ಭಾಗ ಎಂದು ಬರೆದರೆ ಒಂದಿಂಚೂ ತಪ್ಪುವುದಿಲ್ಲ. ಭಿನ್ನರಾಶಿಯಿಂದ ದಶಮಾಂಶಕ್ಕೆ, ದಶಮಾಂಶದಿಂದ ಭಿನ್ನರಾಶಿಗೆ ಏನನ್ನೂ ಕಳೆದುಕೊಳ್ಳದೆ ಹೋಗಿಬರುವುದನ್ನು ಪ್ರೌಢಶಾಲೆಯ ‘ಸಂಖ್ಯಾ ಪದ್ಧತಿ’ ಪಾಠ ಕಲಿಸಬೇಕು.

ಆದರೆ ಆ ಪಾಠದಿಂದ ಹಲವು ಮಕ್ಕಳ ನೆನಪಿನಲ್ಲಿ ಉಳಿಯುವುದು ಒಂದು ಉಪಾಯ ಮಾತ್ರ: ಒಂದು ಅಂಕಿ ಮರುಕಳಿಸಿದರೆ ಛೇದದಲ್ಲಿ 9, ಎರಡು ಮರುಕಳಿಸಿದರೆ 99. ಸುಲಭದ ಲೆಕ್ಕಗಳಿಗೆ ಇದು ಸಾಕಾಗುತ್ತದೆ. 0.2353535… ಎದುರಾದಾಗ ಕೈಕೊಡುತ್ತದೆ. ಮಗು 235/999 ಎಂದು ಬರೆದುಬಿಡುತ್ತದೆ. 0.3, 0.33, 1/3 ಮೂರೂ ಒಂದೇ ಎಂದು ನಂಬುವ ಮಕ್ಕಳೂ ಇದ್ದಾರೆ. ಇದಕ್ಕೆ ಮಕ್ಕಳನ್ನು ದೂರುವಂತಿಲ್ಲ. ಕಾರಣ ತೋರಿಸದೆ ಸೂತ್ರ ಕೊಟ್ಟರೆ ಆಗುವುದೇ ಹೀಗೆ. ಆ ಕಾರಣ ಇರುವುದು ಭಾಗಾಕಾರದ ಶೇಷದಲ್ಲಿ. ಪಾಠವೂ ಅಲ್ಲಿಂದಲೇ ಶುರುವಾಗಬೇಕು.

ಶೇಷ ಮರಳಲೇಬೇಕು

1ನ್ನು 7ರಿಂದ ಭಾಗಿಸೋಣ. ಪ್ರತಿ ಹೆಜ್ಜೆಯಲ್ಲೂ ಉಳಿದ ಶೇಷದ ಮುಂದೆ ಒಂದು ಸೊನ್ನೆ ಇಟ್ಟು ಮುಂದುವರಿಯುತ್ತೇವೆ. 10ರಲ್ಲಿ 7 ಒಂದು ಸಲ, ಶೇಷ 3. 30ರಲ್ಲಿ ನಾಲ್ಕು ಸಲ, ಶೇಷ 2. 20ರಲ್ಲಿ ಎರಡು, ಶೇಷ 6. 60ರಲ್ಲಿ ಎಂಟು, ಶೇಷ 4. 40ರಲ್ಲಿ ಐದು, ಶೇಷ 5. 50ರಲ್ಲಿ ಏಳು, ಶೇಷ 1. ನಾವು ಹೊರಟದ್ದೂ 1ರಿಂದಲೇ. ಇನ್ನು ಹೊಸದೇನೂ ಬರುವಂತಿಲ್ಲ. ಅದೇ 1, 4, 2, 8, 5, 7 ಅದೇ ಕ್ರಮದಲ್ಲಿ ಮತ್ತೆ ಬರಬೇಕು. ಆದ್ದರಿಂದ 1/7 ಎಂದರೆ 0.142857142857…

ಶಿಕ್ಷಕರು ಇಲ್ಲಿ ಸ್ವಲ್ಪ ನಿಂತು ಒಂದು ಪ್ರಶ್ನೆ ಕೇಳಬೇಕು: ಶೇಷ ಮರಳದೇ ಇರಲು ಸಾಧ್ಯವಿತ್ತೇ? 7ರಿಂದ ಭಾಗಿಸಿದಾಗ ಶೇಷ 7ಕ್ಕಿಂತ ಕಡಿಮೆಯೇ ಇರುತ್ತದೆ. ಅದು 0 ಆದರೆ ಭಾಗಾಕಾರ ಮುಗಿಯಿತು. ಆಗದಿದ್ದರೆ ಇರುವುದು 1ರಿಂದ 6ರವರೆಗಿನ ಆರೇ ಶೇಷಗಳು. ಎಷ್ಟೇ ಮುಂದುವರಿದರೂ ಅವುಗಳಲ್ಲೊಂದು ಮತ್ತೆ ಬರಲೇಬೇಕು. ಛೇದ ಯಾವುದೇ ಇರಲಿ, ಈ ಮಾತು ನಿಲ್ಲುತ್ತದೆ. ಪ್ರತಿಯೊಂದು ಭಿನ್ನರಾಶಿಯ ದಶಮಾಂಶ ರೂಪ ಒಂದೋ ಅಂತ್ಯಗೊಳ್ಳುತ್ತದೆ, ಇಲ್ಲವೇ ಆವರ್ತಗೊಳ್ಳುತ್ತದೆ ಎಂಬುದನ್ನು ಆಮೇಲೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ಮಗು ಅದನ್ನು ತಾನೇ ವಿವರಿಸಬಲ್ಲದು.

ಕ್ಯಾಲ್ಕುಲೇಟರ್ ಇದನ್ನು ಕಲಿಸಲಾರದು. 1/17ಕ್ಕೆ ಅದು 0.0588235294 ಎಂದು ತೋರಿಸಿ ನಿಲ್ಲುತ್ತದೆ. ಆವರ್ತದ ಸುಳಿವೇ ಸಿಗುವುದಿಲ್ಲ. ಕೈಯಿಂದ ಭಾಗಿಸಿದರೆ 0588235294117647 ಎಂಬ ಹದಿನಾರು ಅಂಕಿಗಳಾದ ಮೇಲೆ ಶೇಷ 1ಕ್ಕೆ ಮರಳುತ್ತದೆ. 17ಕ್ಕೆ ಸಾಧ್ಯವಿರುವ ಹದಿನಾರು ಶೇಷಗಳೂ ಒಂದೊಂದು ಸಲ ಬಂದುಹೋಗಿರುತ್ತವೆ. ಆದರೆ 13ಕ್ಕೆ ಹನ್ನೆರಡು ಶೇಷಗಳು ಸಾಧ್ಯವಿದ್ದರೂ 1/13ರಲ್ಲಿ 076923 ಎಂಬ ಆರು ಅಂಕಿಗಳಷ್ಟೇ ಮರುಕಳಿಸುತ್ತವೆ. ಜರ್ಮನಿಯ ಗಣಿತಜ್ಞ ಗೌಸ್ 1801ರಲ್ಲಿ ಪ್ರಕಟಿಸಿದ ಸಂಖ್ಯಾಶಾಸ್ತ್ರದ ಗ್ರಂಥದಲ್ಲಿ ಇಂಥ ಆವರ್ತಗಳನ್ನು ವಿವರವಾಗಿ ಪರಿಶೀಲಿಸಿದ. 7, 17ರಂತೆ ಎಲ್ಲ ಶೇಷಗಳನ್ನೂ ಸುತ್ತಿಬರುವ ಅವಿಭಾಜ್ಯ ಸಂಖ್ಯೆಗಳು ಅನಂತವಾಗಿವೆಯೇ? ಇವೆ ಎನ್ನುತ್ತದೆ ಎಮಿಲ್ ಆರ್ಟಿನ್ 1927ರಲ್ಲಿ ಮುಂದಿಟ್ಟ ಊಹೆ. ಅದು ಇಂದಿಗೂ ಪೂರ್ತಿಯಾಗಿ ಸಾಬೀತಾಗಿಲ್ಲ. ಶಾಲಾಮಗುವಿನ ಭಾಗಾಕಾರದಿಂದ ಇಂಥ ಬಗೆಹರಿಯದ ಪ್ರಶ್ನೆಗೆ ನೇರ ದಾರಿಯಿದೆ ಎಂಬುದನ್ನು ತರಗತಿಯಲ್ಲಿ ಹೇಳಬೇಕು.

ಹಾಗಾದರೆ ಯಾವ ಭಿನ್ನರಾಶಿ ಅಂತ್ಯಗೊಳ್ಳುತ್ತದೆ? ದಶಮಾಂಶದ ಸ್ಥಾನಗಳು 10, 100, 1000ರ ಲೆಕ್ಕದಲ್ಲಿವೆ. ಅವುಗಳ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಮಾತ್ರ. ಭಿನ್ನರಾಶಿಯನ್ನು ಸಂಕ್ಷೇಪಿಸಿದ ಮೇಲೆ ಛೇದದಲ್ಲಿ 2, 5 ಬಿಟ್ಟು ಬೇರೆ ಅಪವರ್ತನ ಇಲ್ಲದಿದ್ದರೆ ಅದನ್ನು 10ರ ಯಾವುದಾದರೂ ಘಾತವಾಗಿಸಬಹುದು. 3/8 ಎಂದರೆ 375/1000, ಅಂದರೆ 0.375. ಛೇದದಲ್ಲಿ 3, 7, 11ರಂಥದ್ದು ಉಳಿದುಕೊಂಡರೆ ಆವರ್ತ ತಪ್ಪದು.

ಮರಳಿ ಭಿನ್ನರಾಶಿಗೆ

0.272727… ಯಾವ ಭಿನ್ನರಾಶಿ? ಈ ಸಂಖ್ಯೆಯ 100 ಪಟ್ಟು 27.272727… ಎರಡನ್ನೂ ಒಂದರ ಕೆಳಗೊಂದು ಬರೆಯಲು ಮಕ್ಕಳಿಗೆ ಹೇಳಿ. ಬಿಂದುವಿನ ಬಲಭಾಗ ಎರಡರಲ್ಲೂ ಒಂದೇ ಆಗಿರುವುದು ಅವರ ಕಣ್ಣಿಗೇ ಬೀಳುತ್ತದೆ. 100 ಪಟ್ಟಿನಿಂದ 1 ಪಟ್ಟನ್ನು ಕಳೆದರೆ ಆ ಕೊನೆಯಿಲ್ಲದ ಭಾಗ ಪೂರ್ತಿ ಹೋಗುತ್ತದೆ. ಸಂಖ್ಯೆಯ 99 ಪಟ್ಟು 27 ಎಂದಾಯಿತು. ಅಂದರೆ ಸಂಖ್ಯೆ 27/99, ಸಂಕ್ಷೇಪಿಸಿದರೆ 3/11. ಛೇದದ 99 ಎಲ್ಲಿಂದ ಬಂತೆಂದು ಯಾರೂ ಬೇರೆ ಹೇಳಬೇಕಾಗಿಲ್ಲ. 100ರ ಬದಲು 10 ಪಟ್ಟು ಮಾಡಿದರೇನು ಎಂದು ಕೇಳುವ ಮಗುವಿಗೆ ಮಾಡಿ ನೋಡಲು ಬಿಡಿ. 2.727272… ಬರುತ್ತದೆ; ಬಿಂದುವಿನ ನಂತರ ಮೊದಲನೆಯದರಲ್ಲಿ 27, ಇದರಲ್ಲಿ 72. ಕಳೆದರೂ ಬಾಲ ಉಳಿಯುತ್ತದೆ.

ಈಗ 0.2353535… ಕಷ್ಟವಾಗುವುದಿಲ್ಲ. 2 ಆವರ್ತದ ಹೊರಗಿದೆ. 10 ಪಟ್ಟು ಮಾಡಿದರೆ 2.353535…, 1000 ಪಟ್ಟು ಮಾಡಿದರೆ 235.353535… ಬಾಲಗಳು ಹೊಂದಿದವು. ಕಳೆದರೆ 990 ಪಟ್ಟು 233, ಉತ್ತರ 233/990. 235/999 ಎಂದು ಬರೆದವರೂ ತಮ್ಮ ಉತ್ತರವನ್ನು ಭಾಗಿಸಿ ನೋಡಲಿ. 0.235235… ಬಂದಾಗ ತಪ್ಪು ಎಲ್ಲಿದೆಯೆಂದು ಅವರಿಗೇ ತಿಳಿಯುತ್ತದೆ. ಪ್ರತಿ ಉತ್ತರವನ್ನೂ ಭಾಗಿಸಿ ತಾಳೆ ನೋಡುವ ಅಭ್ಯಾಸ ಈ ಪಾಠದ ಅರ್ಧ ಫಲ.

0.999… ಎಂಬ ಪ್ರಶ್ನೆ

ಇದೇ ದಾರಿಯಲ್ಲಿ 0.999…ರ 10 ಪಟ್ಟು 9.999…, ಕಳೆದರೆ 9 ಪಟ್ಟು 9. ಹಾಗಾಗಿ ಸಂಖ್ಯೆ 1. ಮಕ್ಕಳು ಇದನ್ನು ಸುಲಭವಾಗಿ ಒಪ್ಪುವುದಿಲ್ಲ, ಅವರ ಆಕ್ಷೇಪವನ್ನು ತಳ್ಳಿಹಾಕಲೂಬಾರದು. 0.9ಕ್ಕೂ 1ಕ್ಕೂ ಅಂತರ 0.1. 0.99ಕ್ಕೆ 0.01, 0.999ಕ್ಕೆ 0.001. ಎಲ್ಲಿ ನಿಲ್ಲಿಸಿದರೂ ಅಂತರ ಉಳಿಯುತ್ತದೆ, ನಿಜ. ಆದರೆ ಆ ಮೂರು ಚುಕ್ಕಿಗಳ ಅರ್ಥವೇ ಎಲ್ಲೂ ನಿಲ್ಲಿಸಿಲ್ಲ ಎಂದು. ಎಷ್ಟೇ ಸಣ್ಣ ಅಂತರವನ್ನು ಹೆಸರಿಸಿದರೂ 0.999… ಅದಕ್ಕಿಂತ 1ಕ್ಕೆ ಹತ್ತಿರವಿದೆ. ಯಾವ ಧನ ಸಂಖ್ಯೆಗೂ ಎಡೆಯಿಲ್ಲದಿದ್ದರೆ ಅಂತರ ಸೊನ್ನೆಯೇ. ಜಮೀನಿನ ಲೆಕ್ಕದ ಗುಟ್ಟೂ ಇಲ್ಲಿದೆ: 13.33ರ ಮೂರು ಪಟ್ಟು 39.99, ಅಲ್ಲಿ ನಷ್ಟವಿದೆ. 13.333…ರ ಮೂರು ಪಟ್ಟು 39.999…, ಅದು ಸರಿಯಾಗಿ 40.

ಈ ಕ್ರಮದಲ್ಲಿ ಕಲಿಸಲು ಒಂದೆರಡು ಪಿರಿಯಡ್ ಹೆಚ್ಚು ಬೇಕಾಗಬಹುದು. ಆ ಸಮಯ ಮುಂದಿನ ಪಾಠದಲ್ಲಿ ವಾಪಸು ಸಿಗುತ್ತದೆ. ಪ್ರತಿ ಭಿನ್ನರಾಶಿಯೂ ಅಂತ್ಯಗೊಳ್ಳಬೇಕು ಅಥವಾ ಆವರ್ತಗೊಳ್ಳಬೇಕು ಎಂದು ಕಾರಣಸಹಿತ ತಿಳಿದ ವಿದ್ಯಾರ್ಥಿಗೆ 0.1010010001…ನ್ನು ತೋರಿಸಿ. 1ಗಳ ನಡುವೆ ಪ್ರತಿ ಸಲವೂ ಒಂದು ಸೊನ್ನೆ ಹೆಚ್ಚುತ್ತಿದೆ. ಇದು ಅಂತ್ಯವೂ ಆಗದು, ಆವರ್ತವೂ ಆಗದು. ಹಾಗಾದರೆ ಇದು ಯಾವ ಭಿನ್ನರಾಶಿಯೂ ಅಲ್ಲ ಎಂದು ಅವನೋ ಅವಳೋ ತಾನೇ ಹೇಳಿದಾಗ, ಅಭಾಗಲಬ್ಧ ಸಂಖ್ಯೆಯ ಕಲ್ಪನೆ ಅದಾಗಲೇ ಮನಸ್ಸಿಗೆ ಇಳಿದಿರುತ್ತದೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರೂ ‘ಪರಿವರ್ತಿಸಿ’ ಎಂಬ ಪ್ರಶ್ನೆಯ ಜೊತೆಗೆ ‘ಭಾಗಿಸುವ ಮೊದಲೇ ಇದು ಆವರ್ತಗೊಳ್ಳುತ್ತದೆಯೇ ತಿಳಿಸಿ, ಕಾರಣ ಕೊಡಿ’ ಎಂದೂ ಕೇಳಲಿ. ಕಾರಣಕ್ಕೆ ಅಂಕ ಸಿಗುವಲ್ಲಿ ಕಾರಣವನ್ನು ಕಲಿಸುವುದಕ್ಕೂ ಸಮಯ ಸಿಗುತ್ತದೆ.