ಸಂದರ್ಶನಕ್ಕೆ ಹೊರಟ ಮಗಳಿಗೊಂದು ಉಡುಪು

ಈ ಸಲ ಮಂಜೇಶ್ವರ ಕಡೆಯ ಒಬ್ಬ ತಾಯಿಯ ಪತ್ರದಿಂದಲೇ ಆರಂಭಿಸುತ್ತೇನೆ. ಮಗಳು ಬಿ.ಎಡ್. ಮುಗಿಸಿ ಎರಡು ವರ್ಷವಾಯಿತು. ಅಂಕಗಳಿಗೆ ಕೊರತೆಯಿಲ್ಲ, ಕನ್ನಡ ಮಲಯಾಳ ಎರಡೂ ಸರಾಗ. ಆದರೆ ಸಂದರ್ಶನದ ಕರೆ ಬಂದಾಗಲೆಲ್ಲ "ಹತ್ತು ಕಿಲೋ ಇಳಿಸಿ ಆಮೇಲೆ ಹೋಗ್ತೇನೆ ಅಮ್ಮಾ" ಎಂದು ಹಿಂದೆ ಸರಿಯುತ್ತಾಳಂತೆ. ಕಳೆದ ವರ್ಷ ಒಂದು ಶಾಲೆಗೆ ಹೋಗಿದ್ದಳು. ಪೇಟೆಯಿಂದ ತಂದ ರೆಡಿಮೇಡ್ ಟಾಪ್ ಕಂಕುಳಲ್ಲಿ ಬಿಗಿ. ಪಾಠ ಮಾಡಿ ತೋರಿಸಿ ಎಂದಾಗ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಲಾಗದೆ, ಗೊತ್ತಿದ್ದ ಪಾಠವನ್ನೂ ಅರ್ಧಂಬರ್ಧ ಬಾಯಲ್ಲೇ ಹೇಳಿ ಮುಗಿಸಿ ಬಂದಳು. ಈಗ ಇನ್ನೊಂದು ಕರೆ ಬಂದಿದೆ, ಮೂರು ವಾರ ಸಮಯವಿದೆ. "ಮೈತುಂಬಿಕೊಂಡ ಹುಡುಗಿಗೆ ಗಂಭೀರವಾಗಿಯೂ ಚೆನ್ನಾಗಿಯೂ ಕಾಣುವಂಥದ್ದು ಏನು ಹಾಕಿಸಲಿ?" ಎಂದು ತಾಯಿ ಕೇಳಿದ್ದಾರೆ.

ತೂಕದ ವಿಷಯ ಆ ಹುಡುಗಿಗೂ ಅವಳ ವೈದ್ಯರಿಗೂ ಬಿಟ್ಟದ್ದು. ಅದು ಮೂರು ವಾರದ ಕೆಲಸವಲ್ಲ. ಒಂದು ಜೊತೆ ಬಟ್ಟೆ ಹೊಲಿಸುವುದು ಮೂರು ವಾರದ ಕೆಲಸ. ಹೊಲಿಸುವುದಿದ್ದರೆ ಅವಳ ಇವತ್ತಿನ ಮೈಗೇ ಹೊಲಿಸಿ. ಮುಂದೆ ಸಪೂರವಾದರೆ ಬದಿಯ ಹೊಲಿಗೆ ಒಳಗೆ ತರುವುದು ಐದು ನಿಮಿಷದ ಮಾತು.

ಅಂಗಡಿಯಲ್ಲಿ ಎಕ್ಸೆಲ್ ಹಿಡಿಸಲಿಲ್ಲ, ಡಬಲ್ ಎಕ್ಸೆಲ್ ಕೊಡಿ ಎನ್ನುವಾಗ ನಮ್ಮ ಹೆಣ್ಣುಮಕ್ಕಳ ದನಿ ತಗ್ಗುವುದನ್ನು ನೀವೂ ಕೇಳಿರಬಹುದು. ನಾಚಿಕೆಪಡಬೇಕಾದದ್ದು ಆ ಚೀಟಿ. ಒಂದು ಕಂಪೆನಿಯ ಎಕ್ಸೆಲ್ ಇನ್ನೊಂದರ ಎಲ್‌ನಷ್ಟೇ ಇರುತ್ತದೆ. ಭಾರತೀಯರ ಮೈಯಳತೆಗೆ ತಕ್ಕ ಒಂದು ಪಟ್ಟಿಯೇ ನಮ್ಮಲ್ಲಿರಲಿಲ್ಲವೆಂದು 2018ರಲ್ಲಿ ನಿಫ್ಟ್ ಸಂಸ್ಥೆ ಆರು ನಗರಗಳಲ್ಲಿ 25,000 ಮಂದಿಯ ಅಳತೆ ತೆಗೆಯುವ ಯೋಜನೆಯನ್ನು ಪ್ರಕಟಿಸಬೇಕಾಯಿತು. ಇನ್ನು ರೆಡಿಮೇಡ್ ಬಟ್ಟೆಯಲ್ಲಿ ಎದೆಯ ಅಳತೆ ಹೆಚ್ಚಿದಂತೆ ಹೆಗಲನ್ನೂ ಅಗಲಿಸುತ್ತಾ ಹೋಗುತ್ತಾರೆ. ನಮ್ಮ ಹೆಗಲು ಹಾಗೆ ಬೆಳೆಯುವುದಿಲ್ಲವಲ್ಲ! ಎದೆಗೆ ಸರಿಯಾದದ್ದು ಹೆಗಲಿನಿಂದ ಜಾರುತ್ತದೆ, ಹೆಗಲಿಗೆ ಸರಿಯಾದದ್ದು ಎದೆಯಲ್ಲಿ ಬಿರಿಯುತ್ತದೆ. ರೆಡಿಮೇಡೇ ಕೊಳ್ಳುವುದಾದರೆ ಮೈಯ ಅತಿ ಅಗಲವಾದ ಭಾಗಕ್ಕೆ ಸರಿಹೊಂದುವುದನ್ನು ತಂದು, ಉಳಿದ ಕಡೆ ದರ್ಜಿಯಿಂದ ಹಿಡಿಸಬೇಕು. ನನ್ನನ್ನು ಕೇಳಿದರೆ ಹೊಲಿಸುವುದೇ ಒಳ್ಳೆಯದು.

ಅಳತೆ ಕೊಡುವ ದಿನ, ಸಂದರ್ಶನದ ದಿನ ಹಾಕುವ ಒಳಉಡುಪನ್ನೇ ಹಾಕಿಕೊಂಡು ಹೋಗಲಿ. ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವುದು ಬೇಡ. (ಎಲ್ಲರೂ ಮಾಡುತ್ತೇವೆ, ನನಗೆ ಗೊತ್ತು.) ಸೊಂಟದ ಕೆಳಗಿನ ಸುತ್ತಳತೆಯನ್ನು ನಿಂತೂ ಕುಳಿತೂ ತೆಗೆಸಬೇಕು. ಕುಳಿತಾಗ ಅದು ಒಂದೆರಡು ಇಂಚು ಹೆಚ್ಚಾಗುತ್ತದೆ, ಟಾಪ್ ಅದಕ್ಕೇ ಹೊಂದಬೇಕು. ಎದೆಯಲ್ಲಿ ಮೈಯಳತೆಗಿಂತ ಮೂರು ನಾಲ್ಕು ಇಂಚು ಸಡಿಲವಿರಲಿ. ಬದಿಯ ಕಟ್ ಆರಂಭವಾಗುವುದು ಸೊಂಟದ ಅತಿ ಅಗಲವಾದ ಜಾಗದಿಂದ ತುಸು ಕೆಳಗೆ. ಅದಕ್ಕಿಂತ ಮೇಲೆ ಆರಂಭವಾದರೆ ನಿಂತಾಗಲೇ ಎರಡೂ ಬದಿ ಬಾಯಿ ಬಿಡುತ್ತದೆ.

ಈಗ ಆ ಕೈ ಎತ್ತುವ ಸಮಸ್ಯೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲೇ. ಕಂಕುಳು ಬಿಗಿಯಾಯಿತೆಂದರೆ "ಕಂಕುಳನ್ನು ಇನ್ನೂ ಕೆಳಗಿಳಿಸಿ" ಎಂದು ದರ್ಜಿಗೆ ಹೇಳುತ್ತೇವೆ. ಕಂಕುಳು ಕೆಳಗಿಳಿದಷ್ಟೂ, ಕೈ ಎತ್ತಿದಾಗ ಇಡೀ ಟಾಪ್ ಕೈಯ ಜೊತೆ ಮೇಲೇಳುತ್ತದೆ. ಬೇಕಾದದ್ದು ಬೇರೆ. ಕಂಕುಳಿನ ಕೊರೆತ ಮೈಗೆ ಹತ್ತಿರವಿದ್ದು, ತೋಳಿನ ಮೇಲ್ಭಾಗ ಅಗಲವಾಗಿರಬೇಕು. ಮೊಣಕೈ ಮಡಚಿಸಿ ರಟ್ಟೆಯ ಸುತ್ತಳತೆ ತೆಗೆದು, ಅದಕ್ಕೆ ಎರಡು ಇಂಚು ಸೇರಿಸಲು ಹೇಳಿ. ಎದೆ ತುಂಬಿದವರಿಗೆ ಪ್ರಿನ್ಸೆಸ್ ಕಟ್ ಒಳ್ಳೆಯದು, ಎದೆಯಲ್ಲಿ ಸಾಕಷ್ಟು ಜಾಗ ಕೊಟ್ಟು ನಡುವಿನಲ್ಲಿ ಹಿಡಿಯುತ್ತದೆ. ಡೇರೆಯಂತೆ ಸಡಿಲ ಬಟ್ಟೆ ಹಾಕಿದರೆ ಮೈ ಮುಚ್ಚುತ್ತದೆಂಬುದು ನಮ್ಮ ಭ್ರಮೆ. ಅದು ಎದೆಯಿಂದ ನೇರ ಕೆಳಗಿಳಿದು ಇದ್ದುದಕ್ಕಿಂತ ದಪ್ಪ ತೋರಿಸುತ್ತದೆ. ತೋಳು ರಟ್ಟೆಯ ನಡುವೆ ಮುಗಿಯುವ ಬದಲು ಮೊಣಕೈವರೆಗೆ ಇರಲಿ, ಟಾಪಿನ ಅಂಚು ಮೊಣಕಾಲಿನಿಂದ ಸ್ವಲ್ಪ ಕೆಳಗೆ.

ನನ್ನ ಕಾಲದಲ್ಲಿ ಇದನ್ನು ಹೇಳುವವರಿರಲಿಲ್ಲ. ನನ್ನ ಮೊದಲ ಸಂದರ್ಶನದಲ್ಲಿ ಕುರ್ಚಿ ಎಳೆದುಕೊಳ್ಳುವಾಗ ರವಿಕೆಯ ಕಂಕುಳು ಪರ್ರೆಂದಿತು. ಸೆರಗನ್ನು ಎರಡೂ ಹೆಗಲಿಗೆ ಹೊದ್ದು ಕುಳಿತೆ. ಅವರು ಕೇಳಿದ ಪ್ರಶ್ನೆ ಒಂದೂ ಇಂದು ನೆನಪಿಲ್ಲ, ಆ ಸದ್ದು ಮಾತ್ರ ಇದೆ.

"ಕಪ್ಪು ಹಾಕು, ಸಪೂರ ಕಾಣ್ತಿ" ಎಂದು ನೆಂಟರೆಲ್ಲ ಹೇಳುತ್ತಾರೆ. ಟೀಚರ್ ಆಗಹೊರಟವಳಿಗೆ ಕಪ್ಪು ಬೇಡ, ಚಾಕ್‌ಪೀಸಿನ ಪುಡಿ ಎದ್ದು ಕಾಣುತ್ತದೆ. ಬೂದಿ ಬಣ್ಣ, ತಿಳಿನೀಲಿಗಳೂ ಬೇಡ. ನಮ್ಮ ಕರಾವಳಿಯ ಸೆಕೆಗೆ ಬೆವರಿನ ಕಲೆ ಮೊದಲು ಕಾಣುವುದು ಅವುಗಳಲ್ಲೇ. ಕಡುನೀಲಿ, ಮರೂನ್, ಕಡುಹಸಿರು ನೋಡಿ, ಅವಳಿಗೆ ಇಷ್ಟವಾದದ್ದನ್ನು ಅವಳೇ ಆರಿಸಲಿ. ಮೈಗಂಟುವ ತೆಳು ಸಿಂಥೆಟಿಕ್ ಬಟ್ಟೆಯೂ ಗಂಜಿ ಹಾಕಿದಂತೆ ಸೆಟೆದು ನಿಲ್ಲುವ ಬಟ್ಟೆಯೂ ಆಗದು. ಮೆತ್ತಗೆ ಇಳಿಬೀಳುವ ಹತ್ತಿ ಒಳ್ಳೆಯದು. ಹೊಲಿಗೆಗೆ ಕೊಡುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ಇಲ್ಲವಾದರೆ ಮೊದಲ ಒಗೆತಕ್ಕೇ ಕುಗ್ಗಿ ಮತ್ತೆ ಕಂಕುಳು ಬಿಗಿ!

ಸೀರೆಯೇ ಆಗಬೇಕೇ ಎಂದೂ ತಾಯಿ ಕೇಳಿದ್ದಾರೆ. ಕಾಲೇಜುಗಳ ಮಟ್ಟಿಗೆ ಹೇಳುವುದಾದರೆ, ಅಧ್ಯಾಪಕಿಯರು ಸೀರೆಯನ್ನೇ ಉಡಬೇಕೆಂದು ಒತ್ತಾಯಿಸಬಾರದು ಎಂದು ಕೇರಳದ ಉನ್ನತ ಶಿಕ್ಷಣ ಇಲಾಖೆ 2021ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಶಾಲೆಗಳಲ್ಲಿ ಒಂದೊಂದರದ್ದು ಒಂದೊಂದು ರೂಢಿ. ಕರೆ ಕಳಿಸಿದವರಿಗೆ ಫೋನ್ ಮಾಡಿ ಕೇಳಿಬಿಡಿ, ಅದರಲ್ಲಿ ತಪ್ಪಿಲ್ಲ. ಸೀರೆ ಉಟ್ಟು ಅಭ್ಯಾಸವಿಲ್ಲದವಳಿಗೆ ಆ ದಿನವೇ ಮೊದಲ ಸಲ ಉಡಿಸಬೇಡಿ. ಅಭ್ಯಾಸವಿದ್ದರೆ ನಮ್ಮ ಕಾಸರಗೋಡು ಸೀರೆಗೆ ಏನು ಕಡಿಮೆ? ಇಲ್ಲಿನ ನೇಕಾರರ ಆ ಹತ್ತಿ ಸೀರೆಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಣ್ಣ ಬೇಗ ಮಾಸುವುದಿಲ್ಲ, ಟೀಚರ್ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹೊಸ ಸೀರೆ ಮಾತ್ರ ಗಂಜಿಯಿಂದ ಉಬ್ಬಿ ನಿಲ್ಲುತ್ತದೆ, ಎರಡು ಮೂರು ಸಲ ಒಗೆದ ಮೇಲೆ ನೆರಿಗೆ ಮಾತು ಕೇಳುತ್ತದೆ. ಒಳಲಂಗವನ್ನು ದಾರ ಎಳೆದು ಸುತ್ತಲೂ ನೆರಿ ಕೂಡುವಂತೆ ಕಟ್ಟಿದರೆ ಸೊಂಟಕ್ಕೆ ಇನ್ನೆರಡು ಇಂಚು ಸೇರುತ್ತದೆ. ಅಗಲ ಪಟ್ಟಿಯಿಟ್ಟು, ತುಂಡು ತುಂಡಾಗಿ ಕತ್ತರಿಸಿ ಜೋಡಿಸಿದ ಲಂಗ ಹೊಲಿಸಿ. ಸೆರಗಿಗೆ ನೆರಿಗೆ ಹಿಡಿದು ಹೆಗಲಲ್ಲಿ ಪಿನ್ ಹಾಕಲಿ, ಬರೆಯುವಾಗ ಬೋರ್ಡಿಗೆ ಜಾರಿ ಬರಬಾರದು. ಉಡುವಾಗ ಅಂದು ಹಾಕುವ ಚಪ್ಪಲಿಯನ್ನು ಮೊದಲೇ ಮೆಟ್ಟಿರಬೇಕು.

ಹೊಲಿಗೆಯವರ "ನಾಳೆ ಬನ್ನಿ" ನಮಗೆಲ್ಲ ಗೊತ್ತಿದೆ. ಆದ್ದರಿಂದ ಈ ವಾರವೇ ಬಟ್ಟೆ ಕೊಟ್ಟು, ಸಂದರ್ಶನಕ್ಕೆ ಹತ್ತು ದಿನ ಮೊದಲಿನ ತಾರೀಕು ಹೇಳಿ. ಬದಿಯ ಹೊಲಿಗೆಯ ಒಳಗೆ ಒಂದು ಇಂಚು ಬಟ್ಟೆ ಉಳಿಸಲು ಹೇಳುವುದನ್ನು ಮರೆಯಬೇಡಿ. ಬಟ್ಟೆ ಬಂದ ಸಂಜೆ ಮಗಳು ಅದನ್ನು ಹಾಕಿಕೊಂಡು ಮನೆಯ ಗೋಡೆಯ ಮೇಲೆ, ಕೈಗೆಟಕುವಷ್ಟು ಎತ್ತರದಲ್ಲಿ, ಬೆರಳಿನಿಂದಲೇ ಒಂದು ಇಡೀ ಪಾಠದ ಸಾಲುಗಳನ್ನು ಬರೆಯಲಿ. ನೀವು ಹಿಂದೆ ಕುಳಿತು ನೋಡಿ, ಮಕ್ಕಳಿಗೆ ಕಾಣುವುದು ಆ ಬದಿಯೇ ತಾನೆ? ಕುರ್ಚಿಯಲ್ಲಿ ಹತ್ತು ನಿಮಿಷ ಕುಳಿತು ಏಳಲಿ, ಎರಡು ಮೆಟ್ಟಿಲು ಹತ್ತಲಿ. ನಡುನಡುವೆ ಬಟ್ಟೆ ಎಳೆದುಕೊಂಡಳೆಂದರೆ ಎಲ್ಲಿ ಎಂದು ಗುರುತಿಟ್ಟು ಮರುದಿನವೇ ದರ್ಜಿಯ ಬಳಿಗೆ. ಬೆಳಗ್ಗಿನ ರೈಲಿನ ನೂಕುನುಗ್ಗಲಿಗೆ ಚೀಲದಲ್ಲಿ ನಾಲ್ಕು ಪಿನ್ನು, ಸೂಜಿ ದಾರ ಇರಲಿ.

ಸಂದರ್ಶನ ಮುಗಿದ ಮೇಲೆ ಒಂದು ಕಾರ್ಡು ಹಾಕಿ ಅಮ್ಮಾ. ಬೋರ್ಡಿನ ಮೇಲೆ ಯಾವ ಪಾಠ ಬರೆದಳೆಂದು ತಿಳಿಸಿ. ಉಡುಪಿನ ಸುದ್ದಿ ಬರೆಯಲು ಮರೆತರೂ ಅಡ್ಡಿಯಿಲ್ಲ.