ಕೂಸಿಗೆ ಯಾವ ಜೆರ್ಸಿ?

ಮೊನ್ನೆ ಕುರುಗೋಡಿನ ಮಾವನ ಮನೇಲಿ ಮಗನ ಜವಳ ಇತ್ತು. ಉಡುಗೊರೆಗಳ ಮಧ್ಯೆ ಗೆಳೆಯನೊಬ್ಬ ಕೊಟ್ಟ ಪುಟಾಣಿ ಆರ್‌ಸಿಬಿ ಜೆರ್ಸಿ, ಬೆನ್ನ ಮೇಲೆ 18. ಹಾಕಿದ್ವಿ, ಫೋಟೋ ತೆಗೆದ್ವಿ, ಸ್ಟೇಟಸ್ಸಿಗೂ ಏರಿಸಿದ್ದಾಯ್ತು :) ಸಿರುಗುಪ್ಪದಿಂದ ಬಂದಿದ್ದ ಅಪ್ಪ ಮಾತ್ರ ಮುಖ ಗಂಟು ಹಾಕ್ಕೊಂಡು, "ಏನಲೇ, ಕೂಸಿಗೆ ವಿಸ್ಕಿ ಹೆಸರಿನ ಅಂಗಿ ಹಾಕೀರಲ್ಲ?" ಅಂದ್ರು. ಎಲ್ರೂ ನಕ್ಕರು. ನನಗೆ ನಗು ಬರಲಿಲ್ಲ.

ಅಪ್ಪ ಹೇಳಿದ್ದು ಸುಳ್ಳಲ್ಲ. 2008ರಲ್ಲಿ ಆ ತಂಡಕ್ಕೆ ಹೆಸರು ಬಂದಿದ್ದೇ ಮದ್ಯದ ಬ್ರ್ಯಾಂಡಿನಿಂದ. 2025ರ ಜೂನ್ 3ರ ರಾತ್ರಿ ಕಪ್ ಗೆದ್ದಾಗ ನಾನೂ ಕುಣಿದವನೇ. ಆದ್ರೆ ಅವತ್ತು ಆಡಿದವರಲ್ಲಿ ನಮ್ಮ ರಾಜ್ಯ ತಂಡದವರು ಮಯಾಂಕ್ ಅಗರ್‌ವಾಲ್ ಒಬ್ಬರೇ!

ಹೆಸರು ಯಾರದಾದ್ರೇನು, ತಂಡ ನಮ್ದಲ್ವಾ ಅಂತೀರಾ? ಬಳ್ಳಾರಿಯವರನ್ನ ಕೇಳಿ. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ನಮಗೂ ಒಂದು ತಂಡ ಇತ್ತು, ಬಳ್ಳಾರಿ ಟಸ್ಕರ್ಸ್. 2016ರಲ್ಲಿ ಅದು ಕಪ್ ಗೆದ್ದಾಗ ನಾನು ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ, ಹಾಸ್ಟೆಲ್ಲಿನಲ್ಲಿ ಕಿರುಚಿ ಗಂಟಲು ಕಟ್ಟಿತ್ತು. 2019ರ ಫೈನಲ್ಲಿನಲ್ಲಿ ಹುಬ್ಬಳ್ಳಿ ಎದುರು ಸೋತ್ವಿ, ಬೇಜಾರಾಯ್ತು. ಎರಡೇ ತಿಂಗಳಿಗೆ, ಆ ಫೈನಲ್ಲೇ ಫಿಕ್ಸ್ ಆಗಿತ್ತು ಅನ್ನೋ ಆರೋಪದ ಮೇಲೆ ಆಟಗಾರರ ಬಂಧನ ಆಯ್ತು. 2022ರಲ್ಲಿ ಹೈಕೋರ್ಟು ಪ್ರಕರಣ ರದ್ದು ಮಾಡಿತು: ಫಿಕ್ಸಿಂಗ್ ವಂಚನೆಯ ಅಪರಾಧ ಆಗಲ್ಲ, ಪ್ರೇಕ್ಷಕ ಟಿಕೆಟ್ ಕೊಳ್ಳೋದು ತಾನಾಗಿಯೇ ಅಂತ. ಅದೇ ವರ್ಷ ಮಹಾರಾಜ ಟ್ರೋಫಿ ಶುರುವಾದಾಗ ಆರು ತಂಡಗಳಲ್ಲಿ ಬಳ್ಳಾರಿಯ ಹೆಸರೇ ಇರಲಿಲ್ಲ. ತಂಡ ಹೋಯ್ತು, ಯಾರೂ ನಮ್ಮನ್ನ ಒಂದು ಮಾತು ಕೇಳಲಿಲ್ಲ. ನಮ್ಮ ಅಭಿಮಾನಕ್ಕೆ ಅಲ್ಲಿದ್ದ ಬೆಲೆ ಅಷ್ಟೇ.

ಅಪ್ಪ ನನಗೆ ಕೊಟ್ಟ ತಂಡ ಬೇರೆ. 2010ರ ಜನವರಿ, ಸಂಕ್ರಾಂತಿಯ ಆಸುಪಾಸು. ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬೈ ಎದುರು ರಣಜಿ ಫೈನಲ್. ಅಪ್ಪ ಅಲ್ಲಿದ್ದ ಸೋದರಮಾವನಿಗೆ ಅರ್ಧ ಗಂಟೆಗೊಂದು ಫೋನು. 338 ಬೆನ್ನಟ್ಟಿದ ಕರ್ನಾಟಕ 331ಕ್ಕೆ ಆಲೌಟ್. ಆರೇ ಆರು ರನ್! ಅವತ್ತು ಅಪ್ಪ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ. ಅಪ್ಪ ಉಪದೇಶ ಮಾಡಿದ್ದಿಲ್ಲ, ಜೆರ್ಸಿ ಕೊಡಿಸಿದ್ದಿಲ್ಲ; ಆ ರಾತ್ರಿ ನಾನು ಕರ್ನಾಟಕದವನಾದೆ. ಮುಂದೆ 2013-14, 2014-15ರಲ್ಲಿ ಸತತ ಎರಡು ಸಲ ರಣಜಿ ಗೆದ್ದಾಗ ನಾಯಕ ದಾವಣಗೆರೆಯ ವಿನಯ್ ಕುಮಾರ್. ನಮ್ಮ ಪಕ್ಕದೂರಿನ ಹುಡುಗ!

ರಾಜ್ಯ ಸಂಸ್ಥೆಯಲ್ಲಿ ರಾಜಕೀಯ ಇಲ್ವಾ? ಇದೆ. ಆ ಪ್ರೀಮಿಯರ್ ಲೀಗ್ ನಡೆಸಿದ್ದೂ ಅದೇ. ಆದ್ರೂ ಕರ್ನಾಟಕ ತಂಡವನ್ನ ಯಾರೂ ಹರಾಜಿನಲ್ಲಿ ಕೊಳ್ಳೋಕಾಗಲ್ಲ. ಸಿರುಗುಪ್ಪದ ಗದ್ದೆ ಬಯಲಲ್ಲಿ ಬೌಲಿಂಗ್ ಮಾಡೋ ಹುಡುಗ ಆ ತಂಡಕ್ಕೆ ಆಡೋ ಕನಸು ಕಾಣಬಹುದು.

"ಮಗು ತಾನೇ ಆರಿಸ್ಕೊಳ್ಳಲಿ ಬಿಡು" ಅನ್ನೋ ಗೆಳೆಯರಿಗೆ ಒಂದು ಮಾತು. ನೀವು ಸುಮ್ಮನಿದ್ರೆ ಮಗು ಆರಿಸ್ಕೊಳ್ಳಲ್ಲ, ಜಾಹೀರಾತು ಆರಿಸುತ್ತೆ. ಕನ್ನಡವನ್ನೂ ನಾವು ಅವನನ್ನ ಕೇಳಿ ಕಲಿಸ್ತಿಲ್ಲ. ದೊಡ್ಡವನಾದ ಮೇಲೆ ಬೇಡ ಅಂದ್ರೆ ಅವನಿಷ್ಟ, ಆದ್ರೆ ಕೊಡೋದು ನನ್ನ ಕೆಲಸ.

ಜೆರ್ಸಿ ಎಸೆದಿಲ್ಲ ಮಾರಾಯ್ರೆ. ಆರು ತಿಂಗಳಿಗೆ ಅದೇ ಗಿಡ್ಡ ಆಗುತ್ತೆ :) ಅಷ್ಟರಲ್ಲಿ ಅಪ್ಪನನ್ನೂ ಕರ್ಕೊಂಡು, ಮಗನನ್ನ ಹೆಗಲ ಮೇಲೆ ಕೂರಿಸ್ಕೊಂಡು ಒಂದು ರಣಜಿ ಮ್ಯಾಚಿಗೆ ಹೋಗೋದಂತ ಇದೆ. ಸೋತ್ರೂ ಪರವಾಗಿಲ್ಲ.

ನೀವೇನಂತೀರಿ?