ರಸ್ತೆ ಒಂದೇ, ಹಮ್ಮಿಣಿ ಎರಡು ಯಾಕೆ?

ಲಂಡನ್ ಪಟ್ಟಣದಲ್ಲಿ ಏಪ್ರಿಲ್ ತಿಂಗಳ ಒಂದು ಭಾನುವಾರ ಬಸ್ಸು, ಕಾರುಗಳಿಗೆಲ್ಲ ರಸ್ತೆ ಬಂದ್. ಅವತ್ತು ರಸ್ತೆಯ ಯಜಮಾನಿಕೆ ಓಟಗಾರರದು. ಗ್ರೀನಿಚ್ ಕಡೆಯಿಂದ ಹೊರಟು, ಥೇಮ್ಸ್ ನದಿಯ ಟವರ್ ಬ್ರಿಡ್ಜ್ ದಾಟಿ, ಅರಮನೆಯ ಮುಂದಿನ ರಸ್ತೆಯಲ್ಲಿ ಮುಗಿಯುವ ಈ ಮ್ಯಾರಥಾನಿನ ಉದ್ದ 42 ಕಿಲೋಮೀಟರ್ 195 ಮೀಟರ್. ಎಲ್ಲರಿಗಿಂತ ಮೊದಲು ಅಲ್ಲಿನ ಗೆರೆ ದಾಟುವವರು ಕಾಲಿನಲ್ಲಿ ಓಡುವವರಲ್ಲ. ಗಾಲಿಕುರ್ಚಿಯವರು.

2023ರ ಲೆಕ್ಕವನ್ನೇ ನೋಡಿ. ಕೀನ್ಯಾ ದೇಶದ ಕೆಲ್ವಿನ್ ಕಿಪ್ಟಮ್ ಅಂದು 2 ಗಂಟೆ 1 ನಿಮಿಷ 25 ಸೆಕೆಂಡಿನಲ್ಲಿ ಓಡಿ ಲಂಡನ್ನಿನ ಹಳೆಯ ದಾಖಲೆಯನ್ನು ಅಳಿಸಿದ. ಅದೇ ದಿನ, ಅದೇ ರಸ್ತೆಯಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಹಗ್ ಗಾಲಿಕುರ್ಚಿ ಉರುಳಿಸಿಕೊಂಡು ಬಂದದ್ದು 1 ಗಂಟೆ 23 ನಿಮಿಷ 44 ಸೆಕೆಂಡಿನಲ್ಲಿ. ಗಂಟೆಗೆ ಸರಾಸರಿ 30 ಕಿಲೋಮೀಟರ್! ನಮ್ಮ ಷಟಲ್ ಬಸ್ಸುಗಳಿಗೂ ಸಂತೆಯ ದಿನ ಈ ವೇಗ ಕಷ್ಟ.

ಆದರೆ ಬಹುಮಾನದ ಹಮ್ಮಿಣಿ ಬಿಚ್ಚಿದಾಗ ಮಾತ್ರ ಗಾಲಿಕುರ್ಚಿಯವರದು ಹಗುರ. ಇದು ಸರಿಯಾದದ್ದು 2024ರಲ್ಲಿ. ಆ ವರ್ಷ ಓಟದ ಗಂಡಸರು, ಹೆಂಗಸರು, ಗಾಲಿಕುರ್ಚಿಯ ಗಂಡಸರು, ಹೆಂಗಸರು ಎಂಬ ನಾಲ್ಕೂ ಪಂದ್ಯಗಳಲ್ಲಿ ಗೆದ್ದವರಿಗೆ ತಲಾ 55 ಸಾವಿರ ಡಾಲರ್, ಎರಡನೆಯವರಿಗೆ 30 ಸಾವಿರ, ಮೂರನೆಯವರಿಗೆ 22,500 ಎಂದು ನಿಗದಿಯಾಯಿತು. ಹೀಗೆ ಸರಿಸಮ ಮಾಡಿದ ಮೊದಲ ಮ್ಯಾರಥಾನ್ ತಮ್ಮದೇ ಎಂದು ಸಂಘಟಕರು ಹೇಳಿಕೊಂಡರು. ಹೇಳಿಕೊಳ್ಳಲಿ ಬಿಡಿ, ತಪ್ಪೇನಿಲ್ಲ. ಆದರೆ ಇಷ್ಟಕ್ಕೆ ಹಿಡಿದದ್ದು 41 ವರ್ಷ ಎಂಬುದನ್ನೂ ಜೊತೆಗೇ ಹೇಳಬೇಕು.

ಬಾಗಿಲು ತಟ್ಟಿದ ಕಥೆ

ಲಂಡನ್ ಮ್ಯಾರಥಾನ್ ಶುರುವಾದದ್ದು 1981ರಲ್ಲಿ. ಗಾಲಿಕುರ್ಚಿಗೆ ಅದರೊಳಗೆ ಪ್ರವೇಶ ಸಿಕ್ಕಿದ್ದು 1983ರಲ್ಲಿ. ಅದೂ ಸುಲಭದಲ್ಲಿ ಅಲ್ಲ. ಇಳಿಜಾರಿನಲ್ಲಿ ಕುರ್ಚಿಗಳು ಓಡುವವರ ಮೇಲೆ ನುಗ್ಗಿದರೆ ಗತಿ ಏನು ಎಂಬ ಅಂಜಿಕೆ ಮುಂದಿತ್ತು. ಅಂದಿನ ನಗರಾಡಳಿತ ಒತ್ತಡ ಹಾಕಿದ ಮೇಲೆ ದಾರಿ ಬಿಟ್ಟರು. ಮೊದಲ ವರ್ಷ ಗೆದ್ದ ಗಾರ್ಡನ್ ಪೆರಿ ತೆಗೆದುಕೊಂಡ ಸಮಯ 3 ಗಂಟೆ 20 ನಿಮಿಷ. ಅಲ್ಲಿಂದ ನಲವತ್ತು ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಗಂಟೆ ಇಳಿದಿದೆ!

ಅಮೆರಿಕದ ಬಾಸ್ಟನ್ ಪಟ್ಟಣದ ಕಥೆ ಇನ್ನೂ ಸ್ವಾರಸ್ಯವಾದದ್ದು. ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡ ಬಾಬ್ ಹಾಲ್ ಎಂಬ ಯುವಕ 1975ರಲ್ಲಿ ಅಲ್ಲಿಯ ಸಂಘಟಕರ ಬಳಿ ಹೋಗಿ, ತಾನೂ ಬರುತ್ತೇನೆ ಎಂದ. ‘ಮೂರೂವರೆ ಗಂಟೆಯೊಳಗೆ ಮುಗಿಸು, ಉಳಿದವರಿಗೆ ಕೊಡುವ ಸರ್ಟಿಫಿಕೇಟನ್ನೇ ಕೊಡುತ್ತೇವೆ’ ಎಂಬರ್ಥದ ಉತ್ತರ ಬಂತು. ಆತ 2 ಗಂಟೆ 58 ನಿಮಿಷದಲ್ಲಿ ಮುಗಿಸಿದ. ಸರ್ಟಿಫಿಕೇಟ್ ಕೊಡಲೇಬೇಕಾಯಿತು.

ನ್ಯೂಯಾರ್ಕಿನಲ್ಲಿ ವ್ಯಾಜ್ಯ ಕೋರ್ಟಿನವರೆಗೂ ಹೋಯಿತು. ಓಟಗಾರರು ಮುಂದೆ ಹೋಗಲಿ ಎಂದು ಸೇತುವೆಯ ಹತ್ತಿರ ತಮ್ಮನ್ನು ತಡೆದು ನಿಲ್ಲಿಸುತ್ತಾರೆ ಎಂದು ಗಾಲಿಕುರ್ಚಿಯವರು 1990ರ ದಶಕದಲ್ಲಿ ದಾವೆ ಹೂಡಿದರು. ಅಷ್ಟು ದೊಡ್ಡ ಪಟ್ಟಣದಲ್ಲಿ ಅವರಿಗೆಂದೇ ಅಧಿಕೃತ ಪಂದ್ಯ ಏರ್ಪಟ್ಟಿದ್ದು 2000ದಲ್ಲಿ.

ಎದುರು ವಾದ

ಸಮಾನ ಹಣ ಬೇಡ ಎನ್ನುವವರ ಮಾತನ್ನೂ ಕೇಳಬೇಕು. ಅವರ ವಾದ ಮೂರು. ಗಾಲಿಕುರ್ಚಿ ಪಂದ್ಯದಲ್ಲಿ ಜನ ಕಡಿಮೆ, ಪೈಪೋಟಿ ಕಡಿಮೆ. ಗೆಲ್ಲುವವರು ಮತ್ತೆ ಮತ್ತೆ ಅವರೇ ಐದಾರು ಮಂದಿ. ಜನ ನೋಡಲು ಬರುವುದು ಓಟವನ್ನು, ಕುರ್ಚಿಯನ್ನಲ್ಲ.

ಮೊದಲನೆಯದರಲ್ಲಿ ಹುರುಳಿದೆ. ಓಡುವವನಿಗೆ ಒಂದು ಜೊತೆ ಶೂ ಸಾಕು. ಗಾಲಿಕುರ್ಚಿಯವನಿಗೆ ಮೂರು ಗಾಲಿಯ, ಉದ್ದ ಮೂತಿಯ ವಿಶೇಷ ಕುರ್ಚಿ ಬೇಕು. ಅಳತೆ ತೆಗೆದು ಮೈಗೆ ಸರಿಯಾಗಿ ಮಾಡಿಸಬೇಕು. ನಮ್ಮ ರೂಪಾಯಿಯಲ್ಲಿ ಅದು ಲಕ್ಷಗಳ ಬಾಬತ್ತು. ಚಕ್ರದ ಪಕ್ಕದ ಬಳೆಯನ್ನು ಗಟ್ಟಿ ಕೈಗವಸಿನಿಂದ ಗುದ್ದಿ ಗುದ್ದಿ ತಳ್ಳಬೇಕು. ಬಡದೇಶದ ಹುಡುಗ ಬರಿಗಾಲಲ್ಲಾದರೂ ಓಡಿ ಅಭ್ಯಾಸ ಮಾಡಬಹುದು, ಬರಿಗೈಲಿ ಕುರ್ಚಿ ಓಡಿಸುವುದು ಹೇಗೆ? ಜನ ಕಡಿಮೆ ಇರುವುದಕ್ಕೆ ದುಡ್ಡಿಲ್ಲದಿರುವುದೇ ಒಂದು ಕಾರಣವಾಗಿರುವಾಗ, ಜನ ಕಡಿಮೆ ಎಂದು ದುಡ್ಡು ಕಡಿಮೆ ಕೊಡುವುದು ಯಾವ ನ್ಯಾಯ? ಗಿರಾಕಿ ಇಲ್ಲ ಅಂತ ಸಾಮಾನು ತರಿಸದೆ ಕೂತ ಅಂಗಡಿಯವನಿಗೆ ಗಿರಾಕಿ ಎಲ್ಲಿಂದ ಬರಬೇಕು?

ಗೆಲ್ಲುವವರು ಅವರೇ ಎನ್ನುವುದೂ ನಿಜವೇ. ಬ್ರಿಟನ್ನಿನ ಡೇವಿಡ್ ವೆಯರ್ ಲಂಡನ್ನಿನಲ್ಲಿ ಎಂಟು ಸಲ ಗೆದ್ದಿದ್ದಾನೆ. ಟ್ಯಾನಿ ಗ್ರೇ-ಥಾಮ್ಸನ್ ಆರು ಸಲ ಗೆದ್ದು, ಮುಂದೆ ಅಲ್ಲಿಯ ಮೇಲ್ಮನೆಯ ಸದಸ್ಯೆಯೂ ಆದಳು. ಆದರೆ ಒಬ್ಬನೇ ಪೈಲ್ವಾನ ವರ್ಷ ವರ್ಷ ಗೆದ್ದರೆ ಜಾತ್ರೆಯ ಕುಸ್ತಿಯಲ್ಲಿ ಅವನ ಬೆಳ್ಳಿ ಗದೆಯ ತೂಕ ಇಳಿಸುತ್ತಾರೆಯೆ?

ಮೂರನೆಯ ವಾದ ನಿಲ್ಲುವುದಿಲ್ಲ. ರಸ್ತೆ ಬದಿ ನಿಂತು ನೋಡುವವರು ಟಿಕೆಟ್ ಕೊಳ್ಳುವುದಿಲ್ಲ. ಹಣ ಬರುವುದು ಪ್ರವೇಶ ಶುಲ್ಕದಿಂದ, ಟೀವಿಯಿಂದ, ಹೆಸರು ಹಾಕಿಸಿಕೊಳ್ಳುವ ಕಂಪನಿಗಳಿಂದ. ಗಾಲಿಕುರ್ಚಿಯವರ ಚಿತ್ರ ಜಾಹೀರಾತಿಗೆ ಆಗುತ್ತದೆ, ಹಮ್ಮಿಣಿಗೆ ಆಗುವುದಿಲ್ಲ ಅಂದರೆ ಹೇಗೆ?

ಇನ್ನೂ ಉಳಿದ ಬಾಕಿ

ಹಾಗಂತ ಎಲ್ಲಾ ಸರಿಹೋಯಿತು ಎಂದು ಕೈ ತೊಳೆದುಕೊಳ್ಳುವಂತಿಲ್ಲ. ದೊಡ್ಡ ಓಟಗಾರರಿಗೆ ಬಹುಮಾನದ ಹೊರತಾಗಿ, ಬಂದು ಓಡುವುದಕ್ಕೇ ಬೇರೆ ಹಣ ಸಲ್ಲುತ್ತದೆ. ಅದರ ಕರಾರು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಬೋರ್ಡಿನ ಮೇಲೆ ಬರೆದ ಅಂಕಿ ಸಮವಾದ ಮಾತ್ರಕ್ಕೆ ಜೇಬಿಗೆ ಬಿದ್ದದ್ದೂ ಸಮ ಎನ್ನುವಂತಿಲ್ಲ. ದಾರಿ ತೋರಿಸಿದ ಬಾಸ್ಟನ್ನೇ 2024ರಲ್ಲಿ ಓಟ ಗೆದ್ದವರಿಗೆ ಒಂದೂವರೆ ಲಕ್ಷ ಡಾಲರ್, ಗಾಲಿಕುರ್ಚಿ ಗೆದ್ದವರಿಗೆ 40 ಸಾವಿರ ಡಾಲರ್ ಕೊಟ್ಟಿತು.

ಇದೆಲ್ಲಾ ಸಮುದ್ರದಾಚೆಯ ಸಮಾಚಾರ, ನಮಗೇನು ಎನ್ನಬಹುದು. ಲಂಡನ್ ಮ್ಯಾರಥಾನಿನ ಮುಂದೆ 2022ರಿಂದ ಇರುವ ಹೆಸರು ನಮ್ಮ ದೇಶದ್ದೇ ಆದ ಟಾಟಾ ಕನ್ಸಲ್ಟೆನ್ಸಿ ಕಂಪನಿಯದು. ಬೆಂಗಳೂರಿನ 10 ಕಿಲೋಮೀಟರ್ ಓಟದ ಮುಂದೆ ಬಂದದ್ದೂ ಅದೇ ಹೆಸರು. ಬೆಂಗಳೂರಿನಲ್ಲೂ ಅಂಗವಿಕಲರಿಗೆ ಬೇರೆ ವಿಭಾಗ ಇದೆ. ಆದರೆ ಅದು ಲಂಡನ್ನಿನ ಹಾಗೆ ಪೈಪೋಟಿಯ ಪಂದ್ಯವಾಗಿ ಬೆಳೆದಿಲ್ಲ.

ನಮ್ಮಲ್ಲಿ ಆಳುಗಳಿಲ್ಲ ಎನ್ನುವಂತಿಲ್ಲ. ಮಗುವಾಗಿದ್ದಾಗಲೇ ಪೋಲಿಯೋ ತಗುಲಿದ ಬೆಂಗಳೂರಿನ ಮಾಲತಿ ಹೊಳ್ಳ ಬ್ಯಾಂಕ್ ಕೆಲಸ ಮಾಡಿಕೊಂಡೇ ಗಾಲಿಕುರ್ಚಿ ಓಟದಲ್ಲಿ, ಎಸೆತದಲ್ಲಿ ದೇಶಕ್ಕೆ ಪದಕ ತಂದರು. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಅವರಿಗೆ ಸಂದಿತು. ಅಂಥ ಇನ್ನೊಬ್ಬ ಹುಡುಗಿ ಯಾವುದೋ ತಾಲ್ಲೂಕಿನಲ್ಲಿ ಇದ್ದರೆ, ಅವಳು ಮೈದಾನಕ್ಕೆ ಹೋಗುವುದು ಹೇಗೆ? ಬಸ್ಸು, ಬಸ್ ನಿಲ್ದಾಣ ಅಂಗವಿಕಲರು ಬಳಸುವಂತಿರಬೇಕು ಎಂದು 2016ರ ಕಾನೂನು ಹೇಳುತ್ತದೆ. ಎತ್ತರದ ಮೆಟ್ಟಿಲಿನ ಬಸ್ಸಿಗೆ ಒಬ್ಬರು ಕೈ ಹಿಡಿದು, ಇನ್ನೊಬ್ಬರು ಎತ್ತಿ ಹತ್ತಿಸುವುದನ್ನು ದಿನಾ ಓಡಾಡುವವರು ನೋಡಿಯೇ ಇರುತ್ತಾರೆ.

ಲಂಡನ್ನಿನವರು 1983ರಲ್ಲಿ ರಸ್ತೆ ಬಿಟ್ಟುಕೊಟ್ಟರು, 2024ರಲ್ಲಿ ಹಣ ಸಮ ಮಾಡಿದರು. ಇಲ್ಲಿ ಹಮ್ಮಿಣಿಯ ಮಾತು ಆಮೇಲಿರಲಿ. ಮೊದಲು ಬಸ್ಸಿನ ಮೆಟ್ಟಿಲು ತಗ್ಗಲಿ.